ಬಣ್ಣ ಎಂಬ ಸಂಖ್ಯೆ

ಬಾನುಲಿಯಲ್ಲಿ ಕೂತು ಬಣ್ಣದ ಬಗ್ಗೆ ಮಾತಾಡಹೊರಟರೆ ನಿಮಗೆ ನಗು ಬರಬಹುದು. ಚಿತ್ರ ತೋರಿಸಲಾಗದ ಮಾಧ್ಯಮ ಇದು. ಆದರೆ ನಾನು ಹೇಳಬೇಕೆಂದಿರುವ ಬಣ್ಣಕ್ಕೆ ಚಿತ್ರದ ಹಂಗಿಲ್ಲ. ಎರಡು ಅಳತೆಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿಯುವ ಸಂಖ್ಯೆ ಅದು. ಖಗೋಳ ವಿಜ್ಞಾನಿಗಳು ದಿನನಿತ್ಯದ ಮಾತಿನಲ್ಲಿ ಬಣ್ಣ ಎನ್ನುವುದು ಆ ಸಂಖ್ಯೆಯನ್ನೇ. ಸಂಖ್ಯೆಯನ್ನು ಬಾನುಲಿಯಲ್ಲಿ ಧಾರಾಳವಾಗಿ ಹೇಳಬಹುದಲ್ಲ!

ಲೆಕ್ಕ ಸರಳ. ಒಂದು ನಕ್ಷತ್ರವನ್ನು ನೀಲಿ ಬೆಳಕನ್ನಷ್ಟೇ ಬಿಡುವ ಗಾಜಿನ ಮೂಲಕ ಒಮ್ಮೆ ಅಳೆಯಿರಿ, ಹಸಿರು ಹಳದಿಯನ್ನು ಬಿಡುವ ಗಾಜಿನ ಮೂಲಕ ಇನ್ನೊಮ್ಮೆ ಅಳೆಯಿರಿ. ಎರಡೂ ಕಾಂತಿಮಾನಗಳ, ಅಂದರೆ ಬೆಳಕು ಮಂದವಾದಷ್ಟೂ ಹೆಚ್ಚುವ ಅಳತೆಗಳ, ವ್ಯತ್ಯಾಸವೇ ಬಣ್ಣ. 1953ರಲ್ಲಿ ಹೆರಾಲ್ಡ್ ಜಾನ್ಸನ್ ಮತ್ತು ವಿಲಿಯಂ ಮಾರ್ಗನ್ ಎಂಬ ಅಮೆರಿಕದ ವಿಜ್ಞಾನಿಗಳು ಇದಕ್ಕೊಂದು ಶಿಸ್ತು ತಂದರು. ಆ ಪದ್ಧತಿಯಲ್ಲಿ ಅಭಿಜಿತ್ ನಕ್ಷತ್ರದ ಬಣ್ಣ ಸೊನ್ನೆ, ನಮ್ಮ ಸೂರ್ಯನದು 0.65. ಮಹಾವ್ಯಾಧನ ಭುಜದಲ್ಲಿ ಕೆಂಪಗೆ ಕಾಣುವ ಆರ್ದ್ರಾ 1.85ರ ಹತ್ತಿರ, ಅದೇ ವ್ಯಾಧನ ಕಾಲಿನ ಬಳಿಯ ರೈಗೆಲ್ ಸೊನ್ನೆಗಿಂತ ಕೂದಲೆಳೆಯಷ್ಟು ಕೆಳಗೆ. ಸಂಖ್ಯೆ ಹೆಚ್ಚಾದಷ್ಟೂ ಕೆಂಪು, ಕೆಂಪಾದಷ್ಟೂ ತಣ್ಣಗೆ. ರೈಗೆಲ್‌ನ ಮೇಲ್ಮೈ 12 ಸಾವಿರ ಡಿಗ್ರಿಯ ಆಸುಪಾಸಿನಲ್ಲಿದ್ದರೆ ಆರ್ದ್ರೆಯದು ಮೂರೂವರೆ ಸಾವಿರ. ಒಂದು ಕಳೆಯುವ ಲೆಕ್ಕದಿಂದ ನೂರಾರು ಜ್ಯೋತಿರ್ವರ್ಷ ದೂರದ ಬೆಂಕಿಯ ಬಿಸಿ ಗೊತ್ತಾಗುತ್ತದೆಂದರೆ ಅದೇನೂ ಅಗ್ಗದ ಸಂಪಾದನೆಯಲ್ಲ.

ಇದಕ್ಕಿಂತ ನಿಖರವಾದ ದಾರಿ ಇದೆ. ಬೆಳಕನ್ನು ಬಿಡಿಸಿ ಹಾಸಿ ರೋಹಿತವನ್ನು ಓದುವುದು. ರೋಹಿತ ಸಿಕ್ಕರೆ ನಕ್ಷತ್ರದಲ್ಲಿ ಯಾವ ಧಾತು ಇದೆ, ಗೆಲಾಕ್ಸಿ ಎಷ್ಟು ವೇಗದಲ್ಲಿ ದೂರ ಸರಿಯುತ್ತಿದೆ, ಎಲ್ಲವೂ ಸಿಕ್ಕಿದಂತೆ. ಆದರೆ ಮಂದವಾದ ಬೆಳಕನ್ನು ಸಾವಿರಾರು ಚೂರು ಮಾಡಿದರೆ ಒಂದೊಂದು ಚೂರಿಗೆ ದಕ್ಕುವುದು ಎಷ್ಟು? ಒಂದು ಮಂದ ಗೆಲಾಕ್ಸಿಯ ರೋಹಿತಕ್ಕೆ ದೊಡ್ಡ ದೂರದರ್ಶಕದ ಗಂಟೆಗಟ್ಟಲೆ ಸಮಯ ಬೇಕು. ಬಣ್ಣದ ಚಿತ್ರಕ್ಕಾದರೋ, ಚೌಕಟ್ಟಿನೊಳಗೆ ಬಿದ್ದ ಎಲ್ಲ ಕಾಯಗಳೂ ಒಂದೇ ಸಲಕ್ಕೆ ಸಿಕ್ಕುತ್ತವೆ. ಪೂರ್ತಿ ಆಲಾಪನೆ ಕೇಳಿ ರಾಗ ಗುರುತಿಸುವುದಕ್ಕೂ ಐದು ಸ್ವರ ಕೇಳಿ ರಾಗ ಊಹಿಸುವುದಕ್ಕೂ ಇರುವ ವ್ಯತ್ಯಾಸ ಇದು. ಬಲ್ಲವರಿಗೆ ಐದು ಸ್ವರವೇ ಸಾಕಾಗುವುದುಂಟು. ಆದರೆ ಸ, ರಿ, ಗ, ಪ ಇಷ್ಟೇ ಕಿವಿಗೆ ಬಿದ್ದರೆ ಮೋಹನವೋ ಹಂಸಧ್ವನಿಯೋ ಹೇಳುವಂತಿಲ್ಲ. ಮುಂದಿನದು ಧೈವತವೋ ನಿಷಾದವೋ ತಿಳಿಯುವವರೆಗೆ ಕಾಯಬೇಕು. ಬಣ್ಣದ ಖಗೋಳ ವಿಜ್ಞಾನದ ಬಲವೂ ಇದೇ, ತೊಡಕೂ ಇದೇ.

ಇಡೀ ಆಕಾಶವನ್ನು ಬಣ್ಣದಲ್ಲಿ ಅಳೆಯುವ ಹುಮ್ಮಸ್ಸು ಹೊಸದಲ್ಲ. ಕ್ಯಾಲಿಫೋರ್ನಿಯದ ಪಾಲೊಮರ್ ಬೆಟ್ಟದಲ್ಲಿ 1949ರಿಂದ 1958ರವರೆಗೆ 48 ಅಂಗುಲದ ಶ್ಮಿಟ್ ದೂರದರ್ಶಕದಿಂದ ಉತ್ತರದ ಆಕಾಶವನ್ನೆಲ್ಲ ಗಾಜಿನ ಫಲಕಗಳ ಮೇಲೆ ಹಿಡಿದಿಟ್ಟರು. ಪ್ರತಿ ತುಂಡಿಗೂ ಎರಡು ಫಲಕ: ಒಂದು ನೀಲಿಯಲ್ಲಿ, ಒಂದು ಕೆಂಪಿನಲ್ಲಿ. ಅದರ ಪ್ರತಿಗಳು ಜಗತ್ತಿನ ವೀಕ್ಷಣಾಲಯಗಳ ಬೀರುಗಳನ್ನು ಸೇರಿದವು, ಒಂದೆರಡು ತಲೆಮಾರು ಅವನ್ನೇ ನೆಚ್ಚಿಕೊಂಡಿತ್ತು. ಆದರೆ ಛಾಯಾಫಲಕ ಬೆಳಕನ್ನು ಗುರುತಿಸಿದಷ್ಟು ಚೆನ್ನಾಗಿ ಲೆಕ್ಕ ಹೇಳುವುದಿಲ್ಲ. ಬೆಳಕು ಇಮ್ಮಡಿಯಾದರೆ ಕಪ್ಪು ಇಮ್ಮಡಿಯಾಗಬೇಕೆಂಬ ನಿಯಮ ಅದಕ್ಕಿಲ್ಲ. ಕಳೆಯುವ ಲೆಕ್ಕವೇ ಮುಖ್ಯವಾದಾಗ ಇದು ದೊಡ್ಡ ಕೊರತೆ.

ಆ ಕೊರತೆಯನ್ನು ನೀಗಿದ್ದು ಬೆಳಕನ್ನು ವಿದ್ಯುದಂಶವಾಗಿಸಿ ಎಣಿಸುವ ಸಿಸಿಡಿ ಚಿಪ್. ಅದನ್ನು ಆಕಾಶದ ಅಗಲಕ್ಕೆ ದುಡಿಸಿಕೊಂಡದ್ದು ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ. ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟ್ ಎಂಬಲ್ಲಿ, ಸುಮಾರು 2,800 ಮೀಟರ್ ಎತ್ತರದ ಬೆಟ್ಟದ ಅಂಚಿನಲ್ಲಿ, ಎರಡೂವರೆ ಮೀಟರ್ ಕನ್ನಡಿಯ ಒಂದು ದೂರದರ್ಶಕ. ಇಂದಿನ ಮಟ್ಟಕ್ಕೆ ಕನ್ನಡಿ ದೊಡ್ಡದೇನಲ್ಲ. ವಿಶೇಷವಿದ್ದದ್ದು ಅದರ ಕ್ಯಾಮೆರಾದಲ್ಲಿ. ಪ್ರಿನ್ಸ್‌ಟನ್ನಿನ ಜಿಮ್ ಗನ್ ಅದನ್ನು ರೂಪಿಸಿದವರು. ಸಿದ್ಧಾಂತ ಬರೆಯುವ ಕೈಯೂ ಉಪಕರಣ ಕಟ್ಟುವ ಕೈಯೂ ಒಂದೇ ಆಗಿರುವುದು ಈ ಕಾಲದಲ್ಲಿ ಅಪರೂಪ, ಗನ್ ಅಂಥವರಲ್ಲೊಬ್ಬರು. ಅವರ ಹೆಸರು ಮುಂದೆ ಮತ್ತೆ ಬರುತ್ತದೆ.

ಆ ಕ್ಯಾಮೆರಾದಲ್ಲಿ 30 ಚಿಪ್ಪುಗಳು: ಆರು ಸಾಲು, ಸಾಲಿಗೆ ಐದು. ಐದರ ಮುಂದೆ ಐದು ಬೇರೆ ಬೇರೆ ಶೋಧಕ ಗಾಜು. ಯು, ಜಿ, ಆರ್, ಐ, ಜೆಡ್ ಎಂದು ಅವುಗಳ ಹೆಸರು. ಯು ನಮ್ಮ ಕಣ್ಣಿಗೆ ಕಾಣದ ನೇರಳಾತೀತದಲ್ಲಿ, 355 ನ್ಯಾನೊಮೀಟರ್ ಸುತ್ತ. ಜೆಡ್ ಇತ್ತ ಅವಕೆಂಪಿನಲ್ಲಿ, 913ರ ಸುತ್ತ. ಉಳಿದವು ನಡುವೆ. ಈ ದೂರದರ್ಶಕ ಒಂದೊಂದು ಕಾಯದ ಮೇಲೆ ಕಣ್ಣು ನೆಟ್ಟು ನಿಲ್ಲುತ್ತಿರಲಿಲ್ಲ. ಆಕಾಶವೇ ಕ್ಯಾಮೆರಾದ ಮೇಲೆ ಹಾಯ್ದುಹೋಗಲು ಬಿಡುತ್ತಿತ್ತು. ನಕ್ಷತ್ರದ ಬಿಂಬ ಸರಿದ ವೇಗದಲ್ಲೇ ಚಿಪ್ಪಿನೊಳಗೆ ಸಂಗ್ರಹವಾದ ವಿದ್ಯುದಂಶವನ್ನೂ ಸರಿಸುತ್ತಾ ಹೋಗುತ್ತಿದ್ದರು. ಒಂದು ನಕ್ಷತ್ರ ಮೊದಲು ಆರ್ ಗಾಜನ್ನು ದಾಟುತ್ತಿತ್ತು, ಬಳಿಕ ಐ, ಯು, ಜೆಡ್, ಕೊನೆಗೆ ಜಿ. ಪ್ರತಿಯೊಂದರಲ್ಲೂ ಸುಮಾರು 54 ಸೆಕೆಂಡು. ಐದಾರು ನಿಮಿಷದಲ್ಲಿ ಐದು ಅಳತೆ. ರಾತ್ರಿಯಿಡೀ ಹೀಗೆ ಉದ್ದನೆಯ ಪಟ್ಟಿಗಳು ತಯಾರಾಗುತ್ತಿದ್ದವು.

ಇಲ್ಲೊಂದು ತಮಾಷೆ ಇದೆ. ನಕ್ಷತ್ರ, ಗೆಲಾಕ್ಸಿಗಳು ಆ ಐದು ನಿಮಿಷ ಅಲುಗುವುದಿಲ್ಲ. ಆದರೆ ನಮ್ಮ ಸೌರವ್ಯೂಹದ ಕ್ಷುದ್ರಗ್ರಹಗಳು ಅಷ್ಟರಲ್ಲಿ ಚೂರು ಸರಿದಿರುತ್ತವೆ. ಬಣ್ಣಗಳನ್ನು ಒಂದರ ಮೇಲೊಂದಿಟ್ಟರೆ ಅವು ಕೆಂಪು, ಹಸಿರು, ನೀಲಿ ಚುಕ್ಕೆಗಳ ಪುಟ್ಟ ಸಾಲಾಗಿ ಬೇರೆ ಬೇರೆ ಕಾಣುತ್ತವೆ. ದೂರದ ಗೆಲಾಕ್ಸಿಗಳನ್ನು ಹುಡುಕಲು ಹೋದವರಿಗೆ ಮನೆಯಂಗಳದ ಕಲ್ಲುಗಳ ಪಟ್ಟಿಯೂ ಸಿಕ್ಕಿತು. ಒಂದೇ ಕುಟುಂಬದ ಕ್ಷುದ್ರಗ್ರಹಗಳಿಗೆ ಒಂದೇ ಬಗೆಯ ಬಣ್ಣ ಎಂಬುದೂ ಆ ಪಟ್ಟಿಯಿಂದ ಗೊತ್ತಾಯಿತು.

ಕ್ಯಾಮೆರಾ ಮೊದಲು ಕಣ್ತೆರೆದದ್ದು 1998ರಲ್ಲಿ, ಸರ್ವೆ ಶುರುವಾದದ್ದು 2000ದಲ್ಲಿ, ಚಿತ್ರ ತೆಗೆಯುವ ಕೆಲಸ ಮುಗಿದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಆಕಾಶದ ಮೂರನೇ ಒಂದು ಭಾಗ, ಅಂದರೆ 14,500 ಚದರ ಡಿಗ್ರಿಗೂ ಮಿಕ್ಕಿದ ಹರವು, ಐದು ಬಣ್ಣಗಳಲ್ಲಿ ದಾಖಲಾಗಿತ್ತು. ನಮ್ಮ ಕಣ್ಣಿಗೆ ಕಾಣುವ ಅತಿ ಮಂದ ನಕ್ಷತ್ರಕ್ಕಿಂತ 20 ಲಕ್ಷ ಪಟ್ಟು ಮಂದವಾದವೂ ಸೇರಿ ಸುಮಾರು 47 ಕೋಟಿ ಕಾಯಗಳು. ಅದೇ ದೂರದರ್ಶಕದಿಂದ ರೋಹಿತಗಳನ್ನೂ ತೆಗೆಯುತ್ತಿದ್ದರು: ಅಲ್ಯೂಮಿನಿಯಂ ತಟ್ಟೆಯಲ್ಲಿ 640 ತೂತು ಕೊರೆದು, ಒಂದೊಂದಕ್ಕೂ ಕೈಯಿಂದ ಒಂದೊಂದು ಗಾಜಿನೆಳೆ ತುರುಕಿ. ಹಾಗೆ ಬೆವರು ಸುರಿಸಿ ದುಡಿದರೂ ರೋಹಿತಗಳ ಸಂಖ್ಯೆ ಆ ಹೊತ್ತಿಗೆ 20 ಲಕ್ಷ ಮುಟ್ಟಿರಲಿಲ್ಲ. ಉಳಿದ 46 ಕೋಟಿಗೂ ಮಿಕ್ಕ ಕಾಯಗಳ ಬಗ್ಗೆ ನಮಗಿರುವುದು ಬಣ್ಣ ಮತ್ತು ಆಕಾರ ಮಾತ್ರ.

ಅಷ್ಟರಿಂದಲೇ ಏನೇನು ಗೊತ್ತಾಯಿತು ನೋಡಿ. 2001ರಲ್ಲಿ ಇಸ್ಕ್ರಾ ಸ್ಟ್ರಾಟೆವಾ ಮತ್ತು ಸಂಗಡಿಗರು ಒಂದೂವರೆ ಲಕ್ಷದಷ್ಟು ಗೆಲಾಕ್ಸಿಗಳ ಬಣ್ಣಗಳನ್ನು ಒಟ್ಟಿಗೆ ಹರಡಿ ನೋಡಿದರು. ನೀಲಿಯಿಂದ ಕೆಂಪಿನವರೆಗೆ ಒಂದೇ ದಿಬ್ಬ ಇರಬಹುದಿತ್ತು. ಇದ್ದದ್ದು ಎರಡು. ಒಂದು ಕೆಂಪು ಗುಂಪು, ಒಂದು ನೀಲಿ ಗುಂಪು, ನಡುವೆ ತಗ್ಗು. ನೀಲಿ ನಕ್ಷತ್ರಗಳು ಬಿಸಿ, ಭಾರಿ, ಅಲ್ಪಾಯುಷಿ. ಕೆಲವು ಕೋಟಿ ವರ್ಷಗಳಲ್ಲೇ ಉರಿದು ತೀರುತ್ತವೆ. ಆದ್ದರಿಂದ ಗೆಲಾಕ್ಸಿ ನೀಲಿಯಾಗಿದೆ ಎಂದರೆ ಅಲ್ಲಿ ಹೆರಿಗೆ ಇನ್ನೂ ನಡೆಯುತ್ತಿದೆ ಎಂದರ್ಥ. ಕೆಂಪಾಗಿದ್ದರೆ ಹೆಚ್ಚಾಗಿ ಹಳೆಯ ನಕ್ಷತ್ರಗಳೇ ಉಳಿದಿವೆ, ಹೊಸತು ಹುಟ್ಟುವುದು ನಿಂತಿದೆ. ನಡುವಿನ ತಗ್ಗಿಗೆ ಹಸಿರು ಕಣಿವೆ ಎಂದು ಹೆಸರಿಟ್ಟರು. ಅಲ್ಲಿ ಜನಸಂಖ್ಯೆ ಕಡಿಮೆ ಎಂದರೆ ನೀಲಿಯಿಂದ ಕೆಂಪಿಗೆ ಹೋಗುವ ಗೆಲಾಕ್ಸಿ ಅಲ್ಲಿ ಬಹಳ ಹೊತ್ತು ತಂಗುವುದಿಲ್ಲ ಎನ್ನಬೇಕಾಗುತ್ತದೆ. ಹೊಸ ನಕ್ಷತ್ರಗಳ ಹುಟ್ಟನ್ನು ನಿಲ್ಲಿಸುವುದು ಯಾವುದು ಎಂಬ ಪ್ರಶ್ನೆ ಇವತ್ತಿಗೂ ಖಗೋಳ ವಿಜ್ಞಾನದ ದೊಡ್ಡ ಜಗಳಗಳಲ್ಲೊಂದು. ಒಂದು ಗೆಲಾಕ್ಸಿಯನ್ನು ಎಷ್ಟೇ ಚೆನ್ನಾಗಿ ನೋಡಿದರೂ ಈ ಎರಡು ದಿಬ್ಬ ಕಾಣುತ್ತಿರಲಿಲ್ಲ. ಅವು ಲಕ್ಷಗಳಲ್ಲಿ ಮಾತ್ರ ಕಾಣುವ ಸಂಗತಿ.

ಇನ್ನು ದೂರದ ವಿಚಾರ. ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಬೆಳಕು ಹಿಗ್ಗಿ ಕೆಂಪಿನ ಕಡೆಗೆ ಸರಿಯುತ್ತದೆ. ಎಷ್ಟು ಸರಿದಿದೆ ಎಂಬುದೇ ದೂರದ ಅಳತೆ. ಇದನ್ನು ರೋಹಿತವಿಲ್ಲದೆ, ಬರೀ ಬಣ್ಣಗಳಿಂದ ಹೇಳಬಹುದೆಂದು ಮೊದಲು ತೋರಿಸಿದವರು ಪಾಲೊಮರಿನ ವಿಲಿಯಂ ಬಾಮ್. 1950ರ ದಶಕದ ಕೊನೆ, 1960ರ ದಶಕದ ಮೊದಲು. ಒಂಬತ್ತು ಶೋಧಕಗಳಲ್ಲಿ ಗೆಲಾಕ್ಸಿಗಳ ಕಾಂತಿ ಅಳೆದು, ಹತ್ತಿರದ ಗುಂಪಿನ ವಕ್ರರೇಖೆಯಿಂದ ದೂರದ ಗುಂಪಿನ ವಕ್ರರೇಖೆ ಎಷ್ಟು ಜರುಗಿದೆ ಎಂದು ನೋಡಿದರು. ರೋಹಿತದಿಂದ ಬಂದ ಉತ್ತರಕ್ಕೆ ಅದು ಚೆನ್ನಾಗಿ ಹೊಂದಿಕೊಂಡಿತು. ಹಳೆಯ ಗೆಲಾಕ್ಸಿಗಳ ಬೆಳಕು 400 ನ್ಯಾನೊಮೀಟರಿನ ಬಳಿ ಥಟ್ಟನೆ ಕುಸಿಯುತ್ತದೆ. ಆ ಕುಸಿತ ಯಾವ ಗಾಜಿನಿಂದ ಯಾವ ಗಾಜಿಗೆ ದಾಟಿತು ಎಂದು ಪತ್ತೆ ಹಚ್ಚುವುದೇ ಇದರ ಗುಟ್ಟು.

ಇನ್ನೂ ದೂರಕ್ಕೆ ಹೋದರೆ ಇನ್ನೂ ಕಡಿದಾದ ಕುಸಿತ ಸಿಗುತ್ತದೆ. 91.2 ನ್ಯಾನೊಮೀಟರಿಗಿಂತ ಕಿರಿದಾದ ಬೆಳಕನ್ನು ಹೈಡ್ರೋಜನ್ ನುಂಗಿಬಿಡುತ್ತದೆ. ವಿಶ್ವ ನಾಲ್ಕು ಪಟ್ಟು ಹಿಗ್ಗುವಷ್ಟು ಹಿಂದಿನ ಬೆಳಕಾದರೆ ಈ ಗಡಿ 365 ನ್ಯಾನೊಮೀಟರಿಗೆ ಬಂದು ನಿಲ್ಲುತ್ತದೆ. ಹಾಗಿದ್ದಾಗ ಗೆಲಾಕ್ಸಿ ಹಸಿರಿನಲ್ಲಿ ಕಾಣುತ್ತದೆ, ಕೆಂಪಿನಲ್ಲಿ ಕಾಣುತ್ತದೆ, ನೇರಳಾತೀತದ ಚಿತ್ರದಲ್ಲಿ ಮಾತ್ರ ಮಂಗಮಾಯ. ಆ ಗೈರುಹಾಜರಿಯೇ ಅದರ ವಿಳಾಸ. ಚಾರ್ಲ್ಸ್ ಸ್ಟೈಡೆಲ್ ತಂಡ ಈ ಉಪಾಯದಿಂದ ಆರಿಸಿದ ಮಂದ ಚುಕ್ಕೆಗಳು ನಿಜಕ್ಕೂ ಅಷ್ಟು ದೂರದವೇ ಎಂದು 1996ರಲ್ಲಿ ಹವಾಯಿಯ ಕೆಕ್ ದೂರದರ್ಶಕದ ರೋಹಿತಗಳು ಸಾಬೀತು ಮಾಡಿದವು.

ಅದೇ ಕಾಲಕ್ಕೆ ಹಬಲ್ ಬಾಹ್ಯಾಕಾಶ ದೂರದರ್ಶಕದ ಪ್ರಸಿದ್ಧ ಚಿತ್ರವೂ ಬಂದಿತ್ತು. ಬಾಹ್ಯಾಕಾಶ ದೂರದರ್ಶಕ ಸಂಸ್ಥೆಯ ನಿರ್ದೇಶಕ ರಾಬರ್ಟ್ ವಿಲಿಯಮ್ಸ್ ತಮ್ಮ ಪಾಲಿಗೆ ಮೀಸಲಾದ ವೀಕ್ಷಣಾ ಸಮಯದ ದೊಡ್ಡ ಪಾಲನ್ನು ಸಪ್ತರ್ಷಿ ಮಂಡಲದ ಒಂದು ಖಾಲಿ ಜಾಗಕ್ಕೆ ಸುರಿದರು. ಚಂದ್ರಬಿಂಬದ ಅಗಲದ ಹನ್ನೆರಡನೆಯ ಒಂದು ಪಾಲಿನಷ್ಟು ಜಾಗ. 1995ರ ಡಿಸೆಂಬರ್ 18ರಿಂದ 28ರವರೆಗೆ, ನಾಲ್ಕು ಬಣ್ಣಗಳಲ್ಲಿ, 342 ಚಿತ್ರ. ಹೊಸದೇನೂ ಕಾಣಲಿಕ್ಕಿಲ್ಲ ಎಂದು ಎಚ್ಚರಿಸಿದ ಹಿರಿಯರಿದ್ದರು. ಕಂಡದ್ದು ಮೂರು ಸಾವಿರದಷ್ಟು ಗೆಲಾಕ್ಸಿ. ಜನ ಅದರ ಅಂದಕ್ಕೆ ಮರುಳಾದರು, ನ್ಯಾಯವೇ. ನನ್ನ ಮಟ್ಟಿಗೆ ಆ ಚಿತ್ರದ ಹಿರಿಮೆ ನಾಲ್ಕು ಬಣ್ಣಗಳಲ್ಲಿದೆ. ಒಂದೇ ಬಣ್ಣದಲ್ಲಿ ತೆಗೆದಿದ್ದರೆ ಅದು ಚುಕ್ಕೆಗಳ ಜಾತ್ರೆಯಾಗುತ್ತಿತ್ತು, ಯಾವುದು ಹತ್ತಿರ ಯಾವುದು ದೂರ ತಿಳಿಯುತ್ತಿರಲಿಲ್ಲ. ನಾಲ್ಕು ಬಣ್ಣಗಳಿದ್ದದ್ದರಿಂದಲೇ ಪಿಯೆರೊ ಮಡಾವ್ ಮತ್ತಿತರರು ದೂರದ ಗೆಲಾಕ್ಸಿಗಳನ್ನು ಬೇರ್ಪಡಿಸಿ, ವಿಶ್ವದಲ್ಲಿ ನಕ್ಷತ್ರಗಳು ಹುಟ್ಟುವ ದರ ಯಾವ ಕಾಲದಲ್ಲಿ ಎಷ್ಟಿತ್ತು ಎಂಬ ರೇಖೆಯನ್ನು ಎಳೆಯಲು ಹೊರಟರು. ಆ ರೇಖೆ ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಶಿಖರ ಮುಟ್ಟಿ, ಅಲ್ಲಿಂದೀಚೆ ಇಳಿಯುತ್ತಲೇ ಬಂದಿದೆ.

ನಾಲ್ಕೈದು ಬಣ್ಣಗಳಿಗೇ ನಿಲ್ಲದೆ, ಚಿಲಿಯ ಲಾ ಸಿಯಾದಲ್ಲಿ 2.2 ಮೀಟರ್ ದೂರದರ್ಶಕದಿಂದ ಹದಿನೇಳು ಶೋಧಕಗಳಲ್ಲಿ ನಡೆದ ಕಾಂಬೊ-17 ಎಂಬ ಸಮೀಕ್ಷೆಯೂ ಇದೆ. ಐದು ಬಣ್ಣಕ್ಕೂ ರೋಹಿತಕ್ಕೂ ನಡುವಿನ ದಾರಿ ಅದು.

ಈಗ ನಮ್ಮ ಗಣಕದ ಪರದೆ ಮೇಲೆ ಕಾಣುವ ಬಣ್ಣಗಳ ಬಗ್ಗೆ ಒಂದು ಮಾತು. ಚಿಪ್ಪಿಗೆ ಬಣ್ಣ ಗೊತ್ತಿಲ್ಲ, ಬೆಳಕಿನ ಪ್ರಮಾಣವಷ್ಟೇ ಗೊತ್ತು. ಸ್ಲೋನ್ ಚಿತ್ರಗಳಲ್ಲಿ ಜಿ ಅಳತೆಗೆ ನೀಲಿ, ಆರ್ ಅಳತೆಗೆ ಹಸಿರು, ಐ ಅಳತೆಗೆ ಕೆಂಪು ಬಳಿಯುತ್ತಾರೆ. ಇದರಿಂದಾದ ಒಂದು ಸೊಗಸಾದ ಕಥೆ ಕೇಳಿ. 2007ರ ಜುಲೈಯಲ್ಲಿ ಗೆಲಾಕ್ಸಿ ಜೂ ಎಂಬ ಯೋಜನೆ ಶುರುವಾಯಿತು; ಲಕ್ಷಾಂತರ ಗೆಲಾಕ್ಸಿಗಳ ಆಕಾರ ವಿಂಗಡಿಸಲು ಸಾರ್ವಜನಿಕರನ್ನು ಕರೆದರು. ಹಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ ಒಂದು ಗೆಲಾಕ್ಸಿಯ ಕೆಳಗೆ ವಿಚಿತ್ರ ನೀಲಿ ಮಚ್ಚೆಯೊಂದನ್ನು ಕಂಡು, ಇದೇನು ಎಂದು ಕೇಳಿದರು. ಅದೇ ಯೋಜನೆಯ ಇತರ ಸ್ವಯಂಸೇವಕರು ಪುಟ್ಟ, ದುಂಡನೆಯ, ಹಸಿರು ಚುಕ್ಕೆಗಳನ್ನು ಗುಡ್ಡೆ ಹಾಕತೊಡಗಿ, ಅವಕ್ಕೆ ಹಸಿರು ಬಟಾಣಿ ಎಂದು ಹೆಸರಿಟ್ಟರು.

ನೀಲಿ ಮಚ್ಚೆ, ಹಸಿರು ಬಟಾಣಿ, ಎರಡರ ಬಣ್ಣಕ್ಕೂ ಕಾರಣ ಒಂದೇ: ವಿದ್ಯುದಾವೇಶ ಪಡೆದ ಆಮ್ಲಜನಕ 500.7 ನ್ಯಾನೊಮೀಟರಿನಲ್ಲಿ ಸೂಸುವ ಬೆಳಕು. ಕಣ್ಣಿಗೆ ಅದು ಹಸಿರು. ಮಚ್ಚೆ ಹತ್ತಿರದ್ದಾದ್ದರಿಂದ ಆ ಬೆಳಕು ಜಿ ಗಾಜಿನಲ್ಲೇ ಸಿಕ್ಕಿಬಿದ್ದು ಚಿತ್ರದಲ್ಲಿ ನೀಲಿಯಾಯಿತು. ಬಟಾಣಿಗಳು ಇನ್ನೂ ದೂರದವು. ಬೆಳಕು ಹಿಗ್ಗಿ ಆರ್ ಗಾಜಿಗೆ ದಾಟಿ ಹಸಿರಾಯಿತು. ಬಟಾಣಿಗಳ ಬೆಳಕು ನಿಜವಾಗಿ ನಮ್ಮನ್ನು ತಲುಪುವಾಗ ಕಿತ್ತಳೆ ಕೆಂಪಿನ ಕಡೆಗೆ ವಾಲಿರುತ್ತದೆ! 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇವು ನಮ್ಮ ಆಕಾಶಗಂಗೆಗಿಂತ ಎಷ್ಟೋ ಚಿಕ್ಕವು, ಆದರೆ ಹೊಸ ನಕ್ಷತ್ರಗಳನ್ನು ಭರಾಟೆಯಿಂದ ಹೆರುತ್ತಿರುವ ಗೆಲಾಕ್ಸಿಗಳು. ಇಂಥ ಒಂದು ಬಟಾಣಿಯಿಂದ ಹೈಡ್ರೋಜನ್ನಿಗೆ ಸಿಕ್ಕದೆ ಪ್ರಖರ ನೇರಳಾತೀತ ಬೆಳಕು ಸೋರುತ್ತಿರುವುದನ್ನು ಹಬಲ್ ಕಂಡ ವಿಷಯ 2016ರಲ್ಲಿ ಪ್ರಕಟವಾಯಿತು. ವಿಶ್ವದ ಬಾಲ್ಯದಲ್ಲಿ ಎಲ್ಲೆಡೆ ಕವಿದಿದ್ದ ಹೈಡ್ರೋಜನ್ ಮಬ್ಬನ್ನು ಹರಿಸಿದ್ದು ಹೀಗೆ ಸೋರಿದ ಬೆಳಕೇ ಇರಬೇಕು ಎಂಬುದರಿಂದ ಈ ಸೋರಿಕೆಗೆ ಅಷ್ಟು ಬೆಲೆ.

ಈ ಎಳೆಯಲ್ಲಿ ನಮ್ಮ ಹೊಸಕೋಟೆಯೂ ಬರುತ್ತದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ನೇರಳಾತೀತದ ಜೋಡಿ ದೂರದರ್ಶಕವಿದೆ. ಅದನ್ನು ಜೋಡಿಸಿದ್ದು ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದ ಪ್ರಯೋಗಶಾಲೆಯಲ್ಲಿ. ಕನ್ನಡಿಗಳ ಅಗಲ ಮೂವತ್ತೆಂಟು ಸೆಂಟಿಮೀಟರ್ ಕೂಡ ಇಲ್ಲ. 2016ರ ಅಕ್ಟೋಬರಿನಲ್ಲಿ 28 ಗಂಟೆ ದಿಟ್ಟಿಸಿ, 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿಯಿಂದ ಅಂಥದೇ ಸೋರಿಕೆಯನ್ನು ಅದು ಹಿಡಿಯಿತು. ಪುಣೆಯ ಐಯುಕಾ ಸಂಸ್ಥೆಯ ಕನಕ್ ಸಾಹಾ ಮತ್ತು ಸಂಗಡಿಗರು 2020ರಲ್ಲಿ ಇದನ್ನು ಪ್ರಕಟಿಸಿದರು. ನೆಲದ ಮೇಲಿನ ಯಾವ ದೊಡ್ಡ ಕನ್ನಡಿಗೂ ಆಗದ ಕೆಲಸವಿದು; ಆ ಬೆಳಕನ್ನು ನಮ್ಮ ವಾತಾವರಣ ಕೆಳಗಿಳಿಯಗೊಡುವುದಿಲ್ಲ.

ಗೆಲಾಕ್ಸಿಗಳ ಸಂಭ್ರಮದಲ್ಲಿ ನಕ್ಷತ್ರಗಳನ್ನು ಮರೆಯಬಾರದು. 2006ರಲ್ಲಿ ವಾಸಿಲಿ ಬೆಲೊಕುರೊವ್ ತಂಡ ಸ್ಲೋನ್ ಪಟ್ಟಿಯಿಂದ ಒಂದು ನಿರ್ದಿಷ್ಟ ಬಣ್ಣದ ನಕ್ಷತ್ರಗಳನ್ನಷ್ಟೇ ಆರಿಸಿ, ಅವುಗಳ ಮಂದತೆಯಿಂದ ದೂರ ಊಹಿಸಿ, ನಕ್ಷೆ ಬರೆದರು. ಆಕಾಶದುದ್ದಕ್ಕೂ ನಕ್ಷತ್ರಗಳ ಹೊಳೆಗಳು ಎದ್ದು ಕಂಡವು. ದೊಡ್ಡ ಹೊಳೆ, ಧನು ರಾಶಿಯ ದಿಕ್ಕಿನಲ್ಲಿರುವ ಒಂದು ಕುಬ್ಜ ಗೆಲಾಕ್ಸಿಯನ್ನು ನಮ್ಮ ಆಕಾಶಗಂಗೆ ಸೆಳೆದು ಹರಿದು ನುಂಗುತ್ತಿರುವುದರ ಗುರುತು.

ಕೊನೆಯದಾಗಿ ಆ ಮೋಹನ ಮತ್ತು ಹಂಸಧ್ವನಿಯ ತೊಡಕು. ಸ್ಲೋನ್ ಪಟ್ಟಿಯಲ್ಲಿ ನಾಲ್ಕು ಬಣ್ಣಗಳಲ್ಲಿ ಇಲ್ಲವೇ ಇಲ್ಲ ಎನ್ನುವಂತಿದ್ದು, ಕೊನೆಯ ಜೆಡ್‌ನಲ್ಲಿ ಮಾತ್ರ ಮಿನುಗುವ ಚುಕ್ಕೆಗಳಿದ್ದವು. ಅದು ವಿಶ್ವದ ಅಂಚಿನ ಕ್ವೇಸಾರ್, ಅಂದರೆ ಗೆಲಾಕ್ಸಿಯೊಂದರ ಅತಿ ಪ್ರಖರವಾದ ಕೇಂದ್ರ, ಇರಬಹುದು. ಇಲ್ಲವೇ ನಮ್ಮ ನೆರೆಯಲ್ಲೇ, ಹತ್ತಾರು ಜ್ಯೋತಿರ್ವರ್ಷದಾಚೆ ಇರುವ ಕಂದು ಕುಬ್ಜ, ಅಂದರೆ ನಕ್ಷತ್ರವಾಗಲು ಹೋಗಿ ಸೋತ, ಸಾವಿರ ಡಿಗ್ರಿ ಬಿಸಿಯ ಮುದ್ದೆ ಇರಬಹುದು. ಐದು ಅಳತೆಯಲ್ಲಿ ಎರಡೂ ಒಂದೇ. ಶಿಯಾವ್‌ಹುಯಿ ಫಾನ್ ಮತ್ತು ಸಂಗಡಿಗರು ಆರನೆಯ ಅಳತೆಗೆ ಹೋದರು: ಅವಕೆಂಪಿನಲ್ಲಿ, ಜೆ ಎಂಬ ಪಟ್ಟಿಯಲ್ಲಿ. ಕಂದು ಕುಬ್ಜ ಅಲ್ಲಿ ಇನ್ನೂ ಜೋರಾಗಿ ಬೆಳಗುತ್ತದೆ, ಕ್ವೇಸಾರ್ ಹಾಗೆ ಏರುವುದಿಲ್ಲ. ಹೀಗೆ ಬೇರ್ಪಡಿಸಿದಾಗ ಎರಡು ಕಡೆಯೂ ಲಾಭ. ತೀರ ತಣ್ಣನೆಯ ಕುಬ್ಜಗಳೂ ಸಿಕ್ಕವು, ಆವರೆಗೆ ಕಂಡವುಗಳಲ್ಲೆಲ್ಲ ಅತಿ ದೂರದ ಕ್ವೇಸಾರ್‌ಗಳೂ ಸಿಕ್ಕವು.

2001ರಲ್ಲಿ ಅಂಥ ಒಂದು ಕ್ವೇಸಾರಿನ ರೋಹಿತವನ್ನು ಕೆಕ್ ದೂರದರ್ಶಕದಲ್ಲಿ ಓದಿದಾಗ ಒಂದು ತರಂಗಾಂತರದಿಂದ ಈಚೆಗೆ ಬೆಳಕೇ ಇರಲಿಲ್ಲ. ವಿಶ್ವದ ಮಬ್ಬು ಇನ್ನೂ ಪೂರ್ತಿ ಹರಿಯದಿದ್ದ ಕಾಲದ ಗುರುತು ಅದು. ಹೀಗೊಂದು ಕತ್ತಲ ಪಟ್ಟಿ ಕಂಡರೆ ಅದರ ಅರ್ಥವೇನೆಂದು ಲೆಕ್ಕ ಹಾಕಿದ ಪ್ರಬಂಧ 1965ರಲ್ಲೇ ಬಂದಿತ್ತು. ಬರೆದವರು ಬ್ರೂಸ್ ಪೀಟರ್ಸನ್ ಮತ್ತು ಆಗಿನ್ನೂ ತರುಣನಾಗಿದ್ದ ಜಿಮ್ ಗನ್. ಮೂವತ್ತಾರು ವರ್ಷದ ನಂತರ ಅವರ ಲೆಕ್ಕಕ್ಕೆ ಸಾಕ್ಷಿ ಒದಗಿಸಿದ ಕ್ವೇಸಾರನ್ನು ಹೆಕ್ಕಿಕೊಟ್ಟದ್ದು ಗನ್ ಅವರೇ ಕಟ್ಟಿದ ಕ್ಯಾಮೆರಾ.

ಈಗ ಚಿಲಿಯ ಸೆರೊ ಪಚೋನ್ ಬೆಟ್ಟದಲ್ಲಿ ವೆರಾ ರೂಬಿನ್ ವೀಕ್ಷಣಾಲಯ ಎದ್ದಿದೆ. 8.4 ಮೀಟರ್ ಕನ್ನಡಿ, 320 ಕೋಟಿ ಚುಕ್ಕೆಗಳ ಕ್ಯಾಮೆರಾ, ಆರು ಶೋಧಕ. 2025ರ ಜೂನ್ 23ರಂದು ಅದರ ಮೊದಲ ಚಿತ್ರಗಳು ಹೊರಬಂದವು. ಹತ್ತು ವರ್ಷದ ಸಮೀಕ್ಷೆಯಲ್ಲಿ ಸುಮಾರು 2,000 ಕೋಟಿ ಗೆಲಾಕ್ಸಿ ಸಿಗಬಹುದೆಂಬ ಅಂದಾಜು. ಅವುಗಳಲ್ಲಿ ತೀರ ಸಣ್ಣ ಪಾಲಿಗೆ ಮಾತ್ರ ರೋಹಿತದ ಭಾಗ್ಯ. ಮಿಕ್ಕವುಗಳ ದೂರವನ್ನು ಆರು ಅಳತೆಗಳಿಂದಲೇ ಊಹಿಸಬೇಕು, ಊಹೆ ಎಷ್ಟು ತಪ್ಪಬಹುದೆಂದೂ ಲೆಕ್ಕ ಇಡಬೇಕು.

ಸ್ಲೋನ್ ಸಮೀಕ್ಷೆಯ ಚಿತ್ರಗಳೂ ಪಟ್ಟಿಗಳೂ ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿ ಉಚಿತವಾಗಿವೆ. ಕಾಲೇಜಿನ ಮಕ್ಕಳು ಮನೆಯಲ್ಲಿದ್ದರೆ ಅವರೊಂದಿಗೆ ಕೂತು ಒಂದು ಗೆಲಾಕ್ಸಿಯನ್ನು ಆರಿಸಿಕೊಳ್ಳಿ. ಪಕ್ಕದಲ್ಲೇ ಐದು ಸಂಖ್ಯೆಗಳಿರುತ್ತವೆ. ಯುನಲ್ಲಿ ಆರ್ ಅನ್ನು ಕಳೆಯಿರಿ. ಉತ್ತರ 2.2ಕ್ಕಿಂತ ಹೆಚ್ಚಿದ್ದರೆ ಅದು ಕೆಂಪು ದಿಬ್ಬದ್ದು, ಕಡಿಮೆ ಇದ್ದರೆ ನೀಲಿ ದಿಬ್ಬದ್ದು. 2.2ರ ಹತ್ತಿರವೇ ಬಂದರೆ ಬಿಡಬೇಡಿ, ಆ ಗೆಲಾಕ್ಸಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ.